ಹದಿಮೂರನೆಯ ಚಾನೆಲ್ಲು ಮತ್ತು ಖಡಕ್ ರೊಟ್ಟಿ

ವಿಜ್ಞಾನ ಮಾಸ್ತರನಾದವನಿಗೆ ‘ನನಗೆ ಗೊತ್ತಿಲ್ಲ’ ಎಂದು ಹೇಳುವುದು ಬಲು ಕಷ್ಟ. ನಾನು ಇಪ್ಪತ್ತೆರಡು ವರ್ಷಗಳಿಂದ ಚೌಡಾಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಬೆಳಕಿನ ವಕ್ರೀಭವನ ಕಲಿಸುತ್ತಿದ್ದೇನೆ. ಆ ಒಂದೇ ತಪ್ಪಿಗೆ ಅಫಜಲಪುರದ ನಮ್ಮ ಓಣಿಯವರು ಕೆಟ್ಟ ಮಿಕ್ಸರು, ತಿರುಗದ ಫ್ಯಾನು, ಒಮ್ಮೆಯಂತೂ ಕುಂಟುವ ಮೇಕೆಯನ್ನೇ ತಂದು ನನ್ನ ಮುಂದೆ ನಿಲ್ಲಿಸಿದ್ದಾರೆ. ನಾನೂ ಸುಮ್ಮನಿರುವ ಪೈಕಿ ಅಲ್ಲ. ಕನ್ನಡಕ ಮೇಲೇರಿಸಿ, ಎರಡು ಸಲ ‘ಹೂಂ’ ಎಂದು, ಏನಾದರೊಂದು ತೀರ್ಪು ಕೊಟ್ಟೇ ಕೊಡುತ್ತೇನೆ. ತೀರ್ಪು ಸುಳ್ಳಾದರೆ ಮಿಕ್ಸರಿನದೇ ತಪ್ಪೆಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಮೇಕೆಯ ವಿಷಯದಲ್ಲಿ ಮಾತ್ರ ಯಾರೂ ಒಪ್ಪಲಿಲ್ಲ.

ನನ್ನ ಈ ದೊಡ್ಡಸ್ತಿಕೆಗೆ ಸೊಪ್ಪು ಹಾಕದವಳು ಒಬ್ಬಳೇ, ನನ್ನ ಹೆಂಡತಿ ಶರಣಮ್ಮ. ಆಳಂದ ತಾಲೂಕಿನ ನಿಂಬರ್ಗಾದವಳು; ಜೋಳದ ಹಿಟ್ಟನ್ನು ಮುಟ್ಟಿ ನೋಡಿಯೇ ಜೋಳ ಯಾವ ಹೊಲದ್ದೆಂದು ಹೇಳುವಷ್ಟು ಹುಷಾರು. ನಾಲ್ವರು ಹೆಂಗಸರನ್ನು ಕೂಡಿಸಿಕೊಂಡು ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಹೋದ ಚಳಿಗಾಲದಲ್ಲಿ ಸೊಲ್ಲಾಪುರದ ಒಂದು ದೊಡ್ಡ ಮೆಸ್ಸಿನ ಮಾಲೀಕರಿಗೆ ಇವರ ರೊಟ್ಟಿ ರುಚಿಸಿ, ವರ್ಷಪೂರ್ತಿ ಬೇಕೆಂದರು. ಆದರೆ ಮೊದಲು ರೊಟ್ಟಿ ಮಾಡುವ ಜಾಗ, ಮಾಡುವ ಮಂದಿ, ಎಲ್ಲವನ್ನೂ ಗುರುವಾರ ಹನ್ನೊಂದು ಗಂಟೆಗೆ ವಿಡಿಯೋದಲ್ಲಿ ತೋರಿಸಬೇಕು. ಇಲ್ಲವಾದರೆ ಅವರಿಗೆ ಬೇರೆ ಊರಿನ ರೊಟ್ಟಿಯವರೂ ಗೊತ್ತು. ನಾನು ಉದಾರವಾಗಿ ನನ್ನ ಫೋನನ್ನು ಮುಂದೆ ಚಾಚಿದೆ. “ಅದ್ರಾಗ ಒಬ್ಬಾಕಿ ಮೂಗಷ್ಟೇ ಕಾಣ್ತದ್ರಿ. ಐದೂ ಮಂದಿ ಕಾಣಬೇಕು,” ಎಂದವಳೇ ಕಲಬುರಗಿಗೆ ಹೋಗಿ, ನನ್ನನ್ನು ಒಂದು ಮಾತೂ ಕೇಳದೆ, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪೊಂದನ್ನು ತಂದಳು. ನನ್ನನ್ನು ಕೇಳದೆ ಎಂಬುದು ಇಲ್ಲಿ ಮುಖ್ಯ. ನನ್ನ ಮನಸ್ಸಿಗೆ ಬಹಳ ಹತ್ತಿತು.

ಹಾಗಾಗಿ ಆ ಲ್ಯಾಪ್‌ಟಾಪು ನಮ್ಮ ಮನೆಯ ವೈಫೈಯನ್ನು ಗುರುತಿಸಲು ಒಪ್ಪದಿದ್ದಾಗ ನನಗಾದದ್ದು ದುಃಖ ಎಂದರೆ ಸುಳ್ಳಾದೀತು. ಪರದೆಯ ಮೇಲೆ ಬಾಜೂ ಮನೆಯ ವೈಫೈ ಕಾಣುತ್ತದೆ, ಎದುರಿನ ಕಿರಾಣಿ ಅಂಗಡಿಯದು ಕಾಣುತ್ತದೆ, ರಸ್ತೆಯಾಚೆಯ ದವಾಖಾನೆಯದೂ ಕಾಣುತ್ತದೆ. ಅದೇ ಕೋಣೆಯ ಗೋಡೆಗೆ ನೇತಾಡುವ ನಮ್ಮದು ಮಾತ್ರ ಇಲ್ಲ. ನಾನು ಕನ್ನಡಕ ಏರಿಸಿ, ಹೂಂ ಎಂದು, ತೀರ್ಪು ಕೊಟ್ಟೆ: ಇದರೊಳಗಿನ ರೇಡಿಯೋ ಸತ್ತಿದೆ.

“ಸತ್ತಿದ್ರ ಬಾಜೂ ಮನೀದು ಹೆಂಗ ಕಾಣ್ತದ್ರಿ?” ಎಂದಳು ಶರಣಮ್ಮ.

“ಅರ್ಧ ಸತ್ತದ,” ಎಂದೆ.

ಇಂಥ ಉತ್ತರವನ್ನು ಪರೀಕ್ಷೆಯಲ್ಲಿ ಯಾವ ಹುಡುಗ ಬರೆದರೂ ನಾನು ಸೊನ್ನೆ ಕೊಡುತ್ತೇನೆ. ಅವಳು ಲ್ಯಾಪ್‌ಟಾಪಿನ ಮೇಲೆ ಒಂದು ಒಗೆದ ವಸ್ತ್ರ ಮುಚ್ಚಿ, ಅದರ ಪಕ್ಕದಲ್ಲೇ ಸುಮ್ಮನೆ ಕೂತಳು. ಅಂದು ಬುಧವಾರ. ಇಷ್ಟು ವರ್ಷ ಅವಳ ಬಾಯಿಗೆ ಹೆದರಿದ್ದ ನನಗೆ ಆ ಮೌನ ನೋಡಿ ನಿಜಕ್ಕೂ ಕೆಡುಕೆನಿಸಿತು. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮೆಹಬೂಬನನ್ನು ಕರೆತಂದೆ.

ಮೆಹಬೂಬ ನನ್ನ ಹಳೆಯ ಶಿಷ್ಯ. ಬೆಳಕಿನ ಪಾಠದಲ್ಲಿ ಎರಡು ಸಲ ಫೇಲಾದವನು. ಲ್ಯಾಪ್‌ಟಾಪು ತೆರೆದು ಅಲ್ಲಿಷ್ಟು ಇಲ್ಲಿಷ್ಟು ಒತ್ತಿ, “ಮಷೀನು ಏಕದಂ ಚಲೋ ಅದ ಸರ್,” ಎಂದ. ಶರಣಮ್ಮ ನನ್ನತ್ತ ನೋಡಿದಳು. ನಾನು ಕ್ಯಾಲೆಂಡರು ನೋಡಿದೆ.

“ಇದು ಅಮೆರಿಕಾದಾಗ ಬಳಸಿ ಬಿಟ್ಟ ಮಾಲು,” ಎಂದು ಮೆಹಬೂಬ ಬಿಡಿಸಿ ಹೇಳತೊಡಗಿದ. “ಒಳಗಿನ ರೇಡಿಯೋಕ್ಕ ವೈಫೈದ ಹದಿಮೂರು ಚಾನೆಲ್ಲೂ, ಅಂದ್ರ ಸಿಗ್ನಲ್ ಓಡಾಡೋ ಹದಿಮೂರು ದಾರೀನೂ ಬರ್ತಾವ. ಆದ್ರ ರೇಡಿಯೋಕ್ಕ ಏನೇನು ಬರ್ತದಂತ ನಮಗ ತಿಳಿಸೋದು ಡ್ರೈವರ್ ಅನ್ನೋ ಸಾಫ್ಟ್‌ವೇರ್ ನೋಡ್ರಿ. ಅದು ಇನ್ನೂ ತಾನು ಅಮೆರಿಕಾದಾಗೇ ಇದ್ದೀನಂತ ತಿಳಕೊಂಡದ. ಅಲ್ಲಿ ಹನ್ನೊಂದರ ತನಕಾನೇ ನಡೀತದ. ಅದಕ್ಕ ಉಳಿದ ಎರಡು ಇಲ್ಲೇ ಇಲ್ಲ ಅಂತ ಮುಚ್ಚಿಟ್ಟದ.” ಆಮೇಲೆ ತಲೆ ಕೆರೆದುಕೊಂಡ. “ಖರೇ ಅಂದ್ರ ಇದರಿಂದ ಯಾರಿಗೂ ತ್ರಾಸಾಗಂಗಿಲ್ಲ. ಮಂದಿ ಎಲ್ಲಾ ಒಂದು, ಆರು, ಹನ್ನೊಂದರಾಗೇ ಇರ್ತಾರ. ನಿಮ್ಮ ಮನಿದು ಹದಿಮೂರಕ್ಕ ಯಾರಿಟ್ಟಾರ?”

“ಕಂಪನಿಯವರು ಇಟ್ಟಿರಬೇಕು,” ಎಂದೆ ನಾನು.

“ಮಾಸ್ತರೇ ಇಟ್ಟಾರಪಾ. ಒಂದು ಐತವಾರ ಪೂರಾ ಅದ್ರ ಮುಂದೇ ಕೂತಿದ್ರು,” ಎಂದಳು ಶರಣಮ್ಮ.

ಈಗ ಓದುಗರೊಂದಿಗೆ ಮುಚ್ಚುಮರೆ ಏಕೆ? ನಮ್ಮ ಕಡೆ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ಟವೆಲ್ ಎಸೆದು ಸೀಟು ಹಿಡಿಯುವ ಪದ್ಧತಿ. ಅಮಾವಾಸ್ಯೆಯ ದಿನ ದೇವಿಯ ದರ್ಶನಕ್ಕೆ ಘತ್ತರಗಿಯ ಬಸ್ಸು ಹತ್ತಿದವರನ್ನು ಕೇಳಿ ನೋಡಿ, ಟವೆಲ್ ಇಲ್ಲದವನು ನಿಂತೇ ಹೋಗಬೇಕು. ನಾನು ಚೌಡಾಪುರಕ್ಕೆ ದಿನಾ ಬಸ್ಸಿನಲ್ಲಿ ತಿರುಗಿ ತಿರುಗಿ ಕಲಿತದ್ದೇನೆಂದರೆ, ಎಲ್ಲರೂ ಮುಂದಿನ ಕಿಟಕಿಗಳಿಗೆ ಮುಗಿಬಿದ್ದಾಗ ಜಾಣನಾದವನು ಹಿಂದೆ ಓಡಿ ಕಟ್ಟಕಡೆಯ ಸೀಟಿಗೆ ಟವೆಲ್ ಒಗೆಯಬೇಕು. ವೈಫೈ ಹಾಕಿಸಿದ ಹೊಸತರಲ್ಲಿ ಓಣಿಯವರೆಲ್ಲ ಒಂದು, ಆರು, ಹನ್ನೊಂದರಲ್ಲಿ ಗಿಜಿಗುಡುವುದನ್ನು ಫೋನಿನಲ್ಲಿ ಕಂಡೆ. ಹದಿಮೂರು ಖಾಲಿ ಇತ್ತು. ಹಿಂದೆ ಮುಂದೆ ನೋಡದೆ ಟವೆಲ್ ಒಗೆದೆ. ಈ ಜಾಣತನವನ್ನು ಸ್ಟಾಫ್ ರೂಮಿನಲ್ಲಿ ಒಂದು ವಾರ ಹೇಳಿಕೊಂಡು ತಿರುಗಿದ್ದೆ ಕೂಡ.

ಮೆಹಬೂಬ ನಕ್ಕ, ಆದರೆ ಶಿಷ್ಯನಾದ್ದರಿಂದ ಮುಖ ಆ ಕಡೆ ತಿರುಗಿಸಿ ನಕ್ಕ. ಹೊಸ ಡ್ರೈವರ್ ಹಾಕಿ, ಅದಕ್ಕೆ ನೀನೀಗ ಭಾರತದಲ್ಲಿದ್ದೀ ಎಂದು ತಿಳಿಹೇಳಿದ. ನಮ್ಮ ಮನೆಯ ವೈಫೈ ಪಟ್ಟಿಯ ತುದಿಯಲ್ಲಿ ಮೆಲ್ಲಗೆ ಮೂಡಿತು. ಶರಣಮ್ಮ ಅವನಿಗೆ ಚಹಾ ಕೊಟ್ಟಳು. ನನಗೂ ಕೊಟ್ಟಳು, ಸಕ್ಕರೆ ಇರಲಿಲ್ಲ.

ಗುರುವಾರ ರಜೆ ಹಾಕಿ, ಶೆಡ್ಡಿನ ಬಾಗಿಲಲ್ಲಿ, ಪರದೆಯಲ್ಲಿ ಕಾಣದಂತೆ ಗೋಡೆಗೆ ಒತ್ತಿ ನಿಂತೆ. ಮಾಲೀಕರು ಒಲೆ ನೋಡಿದರು, ಹಂಚು ನೋಡಿದರು, ಒಣಗಲು ಹರವಿದ ರೊಟ್ಟಿ ನೋಡಿ ತಲೆದೂಗಿದರು. ಆದರೆ ಕೊನೆಗೆ, “ಕೈ ಕಡಿಮಿ ಬೀಳ್ತಾವ ಅನಸ್ತದ್ರಿ ಬಾಯಾರ. ಐದು ಮಂದೀ ಕೈಲಿಂದ ನಮಗ ಬೇಕಾದಷ್ಟು ಆಗಂಗಿಲ್ಲ,” ಎಂದರು. ಶೆಡ್ಡಿನಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. 

“ಆರು ಮಂದಿ ಇದ್ದೇವ್ರಿ,” ಎಂದಳು ಶರಣಮ್ಮ ಶಾಂತವಾಗಿ. “ಒಬ್ಬರು ತಮಗ ಏನು ಬರ್ತದಂತ ತೋರ್ಸಂಗಿಲ್ಲ ಅಷ್ಟೇ.” ಲ್ಯಾಪ್‌ಟಾಪನ್ನು ಎತ್ತಿ ಸೀದಾ ನನ್ನ ಕಡೆ ತಿರುಗಿಸಿದಳು. “ನಮ್ಮ ಮಾಸ್ತರು ಲಗ್ನಕ್ಕಿಂತ ಮೊದಲ ಜೇವರ್ಗಿಯಾಗ ರೂಮ್ ಮಾಡ್ಕೊಂಡಿದ್ರು. ನಾಕು ವರ್ಷ ದಿನಾ ತಾವೇ ರೊಟ್ಟಿ ಬಡಕೊಂಡು ಉಂಡಾರ. ನಮ್ಮ ಅತ್ತಿ ಸಾಯೋಮುಂದ ನನ್ನ ಕಿವ್ಯಾಗ ಹೇಳಿ ಹೋಗ್ಯಾರ.”

ನಮ್ಮವ್ವನೂ ಹೀಗೆ ಮಾಡಿದಳೇ! ಇಪ್ಪತ್ತು ವರ್ಷ ಈ ಮನೆಯಲ್ಲಿ ಒಲೆ ಹಚ್ಚಲೂ ಬಾರದವನಂತೆ ಹಾಯಾಗಿ ಬಾಳಿದ್ದೆ. “ಮರತು ಹೋಗ್ಯಾದ್ರಿ ಈಗ,” ಎಂದು ಪರದೆಗೆ ಕೈಮುಗಿದೆ. ರೊಟ್ಟಿ ಬಡಿಯುವ ಹೆಂಗಸರಲ್ಲಿ ಹಿರಿಯಳಾದ ಲಕ್ಷ್ಮೀಬಾಯಿ ಪಕ್ಕಕ್ಕೆ ಸರಿದು, ಒಂದು ಹಿಟ್ಟಿನ ಉಂಡೆಯನ್ನು ನನ್ನ ಕಡೆ ತಳ್ಳಿದಳು. ಸೊಲ್ಲಾಪುರ ಕಾಯುತ್ತಿತ್ತು. ರೊಟ್ಟಿ ಕೆಡಿಸಿಬಿಟ್ಟರೆ ನಾನು ಪಾರು, ಶರಣಮ್ಮನ ಆರ್ಡರು ಹೋಯಿತು. ಕೆಡಿಸಬೇಕೆಂದೇ ಕೂತೆ, ಸತ್ಯವಾಗಿ. ಆದರೆ ಹಿಟ್ಟು ತಗಲಿದ ಕೂಡಲೇ ಕೈಗಳು ನನ್ನ ಮಾತು ಕೇಳಲಿಲ್ಲ, ಟಪಟಪ ಬಡಿಯುತ್ತ ಹೋದವು. ರೊಟ್ಟಿ ಗುಂಡಗೆ, ತೆಳ್ಳಗೆ, ಅಂಚು ಒಡೆಯದೆ ಬಂತು. ಮಾಲೀಕರು ಆ ಕಡೆಯಿಂದ ಚಪ್ಪಾಳೆ ತಟ್ಟಿ, ವರ್ಷಪೂರ್ತಿ ರೊಟ್ಟಿ ಕಳಿಸಿರೆಂದರು.

ಆವತ್ತಿನಿಂದ ಬೆಳಿಗ್ಗೆ ಆರಕ್ಕೆ ಶೆಡ್ಡು, ಒಂಬತ್ತಕ್ಕೆ ಬಸ್ಸು. ನನಗಿಂತ ಚೆನ್ನಾಗಿ ಬಡಿಯುವವರು ಇಬ್ಬರೇ ಇದ್ದಾರೆಂದು ಲಕ್ಷ್ಮೀಬಾಯಿ ಹೇಳುತ್ತಾಳೆ, ಮತ್ತು ಆ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಇನ್ನೂ ಯಾರಿಗೂ ತಿಳಿಸಿಲ್ಲ.