ತಲೆಯಿಲ್ಲದ ಸ್ಕ್ರೂ

ನಾನು ಓದು ನಿಲ್ಲಿಸಿದ್ದು ೧೯೮೪ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಬಿಡಿಸಿದರು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನಾನೇ ಬಿಟ್ಟೆ. ಅಪ್ಪ ಪೀಣ್ಯದ ಒಂದು ಕಾರ್ಖಾನೆಯ ಗೇಟು ಕಾಯುತ್ತಿದ್ದರು. ಅವರಿಗೆ ಬುತ್ತಿ ತೆಗೆದುಕೊಂಡು ಹೋದ ಒಂದು ಮಧ್ಯಾಹ್ನ ಒಳಗೆ ಇಣುಕಿದೆ. ಯಾರೋ ಒಬ್ಬರು ಲೇತ್ ಯಂತ್ರದ ಗೇರು ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು ಒಳಗಿನ ಹಲ್ಲುಚಕ್ರಗಳಿಗೆ ಎಣ್ಣೆ ಬಿಡುತ್ತಿದ್ದರು. ಒಂದು ಚಕ್ರ ಈ ಕಡೆ ತಿರುಗಿದರೆ ಪಕ್ಕದ್ದು ಆ ಕಡೆ ತಿರುಗುತ್ತದೆ. ಇದರಲ್ಲಿ ಬಾಯಿಪಾಠ ಮಾಡುವಂಥದ್ದು ಏನೂ ಇರಲಿಲ್ಲ. ಅಷ್ಟು ವರ್ಷ ಮೇಷ್ಟ್ರುಗಳು ಹೇಳಿದ್ದು ಯಾವುದೂ ನನಗೆ ಅಷ್ಟು ಚೆನ್ನಾಗಿ ತಲೆಗೆ ಹತ್ತಿರಲಿಲ್ಲ. ಸ್ವಲ್ಪ ದಿನದಲ್ಲೇ ಅಲ್ಲಿಗೇ ಕೆಲಸಕ್ಕೆ ಸೇರಿದೆ. ಈಗ ಅದೇ ಪೀಣ್ಯದಲ್ಲಿ ನನ್ನದೇ ಒಂದು ಷೆಡ್ಡಿದೆ. ಅದನ್ನು ಯಾರೂ ಸುಮ್ಮನೆ ಕೊಡಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತು ಹೋದೀತು.

ಆ ಮಧ್ಯಾಹ್ನದಿಂದ ನನ್ನದು ಒಂದೇ ನಂಬಿಕೆ. ದುಡ್ಡು ಕೊಟ್ಟು ತಂದ ಮಾತ್ರಕ್ಕೆ ವಸ್ತು ನಮ್ಮದಾಗುವುದಿಲ್ಲ. ಮುಚ್ಚಳ ತೆಗೆದು ಒಳಗೆ ನೋಡಿದ ಮೇಲೆ ನಮ್ಮದಾಗುತ್ತದೆ. ನಮ್ಮ ಮದುವೆಗೆ ಅತ್ತೆಮನೆಯವರು ಕೊಟ್ಟ ಮಿಕ್ಸಿಯನ್ನು ಅದರಲ್ಲಿ ಒಂದು ಚಟ್ನಿಯೂ ಆಗುವ ಮೊದಲು ಬಿಚ್ಚಿ ಹರವಿದವನು ನಾನು. ನನ್ನ ಹೆಂಡತಿ ಸರೋಜ ಆಗಿನ್ನೂ ಹೊಸಬಳು. ಗಂಡ ಅಂದರೆ ಹೀಗೇ ಇರುತ್ತಾನೇನೋ ಅಂದುಕೊಂಡು ಬಾಗಿಲ ಹತ್ತಿರ ನಿಂತು ನೋಡಿದಳು. ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದವು. ಮಿಕ್ಸಿ ಮೊದಲಿಗಿಂತ ಹಗುರವಾಗಿ ಓಡಿತು ಎಂದು ನಾನು ಈಗಲೂ ವಾದಿಸುತ್ತೇನೆ. ಸದ್ದು ಸ್ವಲ್ಪ ಜಾಸ್ತಿಯಾಯಿತು, ಅಷ್ಟೇ.

ನನ್ನ ಷೆಡ್ಡಿನ ಕೆಲಸವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಕಾರ್ಖಾನೆಗಳಲ್ಲಿ ಬಿಡಿಭಾಗಕ್ಕೆ ತೂತು ಕೊರೆಯುವಾಗ ಅದು ಅಲುಗಾಡದಂತೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿತ ಬೇಕು. ಅದಕ್ಕೆ ಫಿಕ್ಸ್ಚರ್ ಅನ್ನುತ್ತಾರೆ. ನಾನು ಮಾಡುವುದು ಅದನ್ನೇ. ನನ್ನ ಫಿಕ್ಸ್ಚರಿನ ಒಳಗೆ ನಾನೇ ಯೋಚಿಸಿ ಕೂರಿಸಿದ ಒಂದು ಸ್ಪ್ರಿಂಗಿನ ಉಪಾಯವಿದೆ. ಅದನ್ನು ಪಕ್ಕದ ಬೀದಿಯವರು ಬಿಚ್ಚಿ ನೋಡಿ ನಕಲು ಮಾಡಬಾರದಲ್ಲ? ಹಾಗಾಗಿ ಮಾಲು ಕಳಿಸುವ ಮುಂಚೆ ಸ್ಕ್ರೂಗಳ ತಲೆಯನ್ನು ಗ್ರೈಂಡರಿನಲ್ಲಿ ಸಪಾಟಾಗಿ ಸವೆಸಿ, ಮೇಲೆ ಪುಟ್ಟಿ ಮೆತ್ತಿ, ಹಸಿರು ಬಣ್ಣ ಹೊಡೆದುಬಿಡುತ್ತಿದ್ದೆವು. ಸ್ಕ್ರೂ ಎಲ್ಲಿದೆ ಎಂದು ದೇವರಿಗೂ ಗೊತ್ತಾಗಬಾರದು. ಪೀಣ್ಯದಲ್ಲಿ ಎಷ್ಟೋ ಷೆಡ್ಡುಗಳಲ್ಲಿ ಹೀಗೇ ಮಾಡುತ್ತಾರೆ. ಅದು ಬೇರೆ ವಿಷಯ.

ಬಾಗಲಗುಂಟೆಯ ನಮ್ಮ ಮನೆಗೆ ಕಂಪ್ಯೂಟರ್ ಬಂದಿದ್ದು ೨೦೦೩ರಲ್ಲಿ. ಬಂತು ಅನ್ನುವುದಕ್ಕಿಂತ ಕಂತುಕಂತಾಗಿ ಸೇರಿಕೊಂಡಿತು ಅನ್ನಬೇಕು. ಎಸ್.ಪಿ. ರಸ್ತೆಯಲ್ಲಿ ಒಂದು ಅಂಗಡಿಯಲ್ಲಿ ಡಬ್ಬ, ಇನ್ನೊಂದರಲ್ಲಿ ಬೋರ್ಡು, ಮೆಟ್ಟಿಲ ಕೆಳಗೆ ಕೂತಿದ್ದ ಒಬ್ಬರ ಹತ್ತಿರ ಫ್ಯಾನು. ಎಲ್ಲವನ್ನೂ ತಂದು ಮುಂದಿನ ಕೋಣೆಯಲ್ಲಿ ಹಳೇ ಪೇಪರಿನ ಮೇಲೆ ಹರಡಿ ನಾನೇ ಜೋಡಿಸಿದೆ. ಮೊದಲ ಸಲ ಅದು ಕುಂಯ್ ಎಂದು ಎದ್ದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಡಬ್ಬದ ಪಕ್ಕದ ತಗಡನ್ನು ಮತ್ತೆ ಹಾಕಲು ಮನಸ್ಸೇ ಬರಲಿಲ್ಲ. ಒಳಗಿನ ಕೆಲಸ ಕಾಣುತ್ತಿರಲಿ ಎಂದು ಬಿಟ್ಟೆ. ಸರೋಜ ಆ ತಗಡನ್ನು ಬಚ್ಚಲಿನ ನೀರಿನ ಡ್ರಮ್ಮಿಗೆ ಮುಚ್ಚಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಬೇಸಿಗೆಯಲ್ಲಿ ಕಂಪ್ಯೂಟರಿಗೆ ಟೇಬಲ್ ಫ್ಯಾನು ಇಡುತ್ತಿದ್ದೆ; ನಾವು ಬೀಸಣಿಗೆ ಬೀಸಿಕೊಳ್ಳುತ್ತಿದ್ದೆವು. ಭಾನುವಾರ ಷೆಡ್ಡಿಗೆ ಹೊತ್ತುಕೊಂಡು ಹೋಗಿ ಕಂಪ್ರೆಸರಿನ ಗಾಳಿ ಹೊಡೆಸಿ ತರುತ್ತಿದ್ದೆ. ಒಂದು ಹಲ್ಲಿ ಅದರೊಳಗೆ ಸಂಸಾರ ಹೂಡಿತ್ತು. ಬೆಚ್ಚಗಿರುತ್ತದೆ, ಯಾಕೆ ಬೇಡ ಅನ್ನಲಿ?

ಆ ಕಂಪ್ಯೂಟರಿನಲ್ಲೇ ಸರೋಜ ಡಿ.ಟಿ.ಪಿ. ಕಲಿತಳು, ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಳು. ಮದುವೆ, ಗೃಹಪ್ರವೇಶ, ನಾಮಕರಣದ ಕಾರ್ಡುಗಳನ್ನು ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸುವ ಕೆಲಸ. ಅಕ್ಷರ ತಪ್ಪು ನೋಡುವವನು ನಾನು. ಮಧ್ಯಾಹ್ನ ಊಟಕ್ಕೆ ಬಂದಾಗ ಅವಳು ಕಾರ್ಡನ್ನು ಮುಂದಿಡುವಳು, ನಾನು ಗಟ್ಟಿಯಾಗಿ ಓದುವೆ. ಎಂ.ಎ. ಓದಿದವರು ಬರೆದುಕೊಟ್ಟ ಒಕ್ಕಣೆಯಲ್ಲಿ ಒಂಬತ್ತನೇ ಕ್ಲಾಸಿನವನು ಒಂದು ಒತ್ತಕ್ಷರ ತಪ್ಪು ಹಿಡಿದರೆ ಆ ದಿನ ಒಂದು ಮುದ್ದೆ ಜಾಸ್ತಿ ಇಳಿಯುತ್ತಿತ್ತು. ಆ ಊಟದ ಹೊತ್ತಿಗಾಗಿಯೇ ನಾನು ಬೆಳಗಿನಿಂದ ಷೆಡ್ಡಿನಲ್ಲಿ ದುಡಿಯುತ್ತಿದ್ದೆನೇನೋ ಎಂದು ಈಗ ಅನ್ನಿಸುತ್ತದೆ.

ಆದರೆ ಕೈ ಸುಮ್ಮನಿರಬೇಕಲ್ಲ. ಕಂಪ್ಯೂಟರ್ ಚೆನ್ನಾಗಿ ಓಡುತ್ತಿದ್ದರೆ ಇನ್ನೂ ಚೆನ್ನಾಗಿ ಓಡಿಸೋಣ ಎಂದು ಬಿಚ್ಚುವೆ. ಮೆಮೊರಿ ಬದಲಿಸುವೆ, ಡಿಸ್ಕು ಸೇರಿಸುವೆ. ಒಂದು ಸಲ ಹೀಗೆ ಬಿಚ್ಚಿದ್ದು ಒಂದು ವಾರ ಪೇಪರಿನ ಮೇಲೇ ಉಳಿಯಿತು, ಒಂದು ನಾಮಕರಣದ ಕಾರ್ಡು ನಾಮಕರಣ ಮುಗಿದ ಮೇಲೆ ಅಚ್ಚಾಗಿ ಬಂತು. ಮಗುವಿನ ತಾತ ಆ ಕಟ್ಟನ್ನು ವಾಪಸ್ಸು ತಂದು ಮೇಜಿನ ಮೇಲಿಟ್ಟು, ಹೆಸರು ಹಾಗೇ ಇರಲಿ, ಮಿಕ್ಕಿದ್ದನ್ನ ಇವನ ಮದುವೆ ಹೊತ್ತಿಗೆ ತಿದ್ದಿ ಕೊಡಿ ಎಂದು ಹೇಳಿ ಹೋದರು. ಸರೋಜ ಆ ಕಟ್ಟನ್ನು ಎತ್ತಿ, ನನಗೆ ದಿನಾ ಕಾಣುವ ಹಾಗೆ ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟಳು.

ಅದಾದ ಸ್ವಲ್ಪ ದಿನಕ್ಕೆ ಅವಳು ತನ್ನ ಚೀಟಿ ದುಡ್ಡು ಎತ್ತಿಕೊಂಡು ನನ್ನನ್ನು ಒಂದು ಷೋರೂಮಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಬಿಳಿ ಕಂಪ್ಯೂಟರ್. ಡಬ್ಬವೇ ಇಲ್ಲ, ಪರದೆಯ ಬೆನ್ನಿನೊಳಗೇ ಎಲ್ಲ ಅಡಗಿದೆ. ಗಾಜು, ತಗಡು ಎರಡೂ ಒಂದೇ ಚರ್ಮದ ಹಾಗೆ ಕೂಡಿವೆ. ನಾನು ಹಿಂದೆ ಮುಂದೆ ಎಲ್ಲ ಸವರಿ ನೋಡಿ, ಟೈ ಕಟ್ಟಿಕೊಂಡು ನಿಂತಿದ್ದ ಸೇಲ್ಸ್‌ಮನ್ನನ್ನು ಸ್ಕ್ರೂ ಎಲ್ಲಿ ಎಂದು ಕೇಳಿದೆ.

"ಬಿಚ್ಚೋ ಅವಶ್ಯಕತೆನೇ ಬರಲ್ಲ ಸಾರ್."

"ಬಂದ್ರೆ?"

"ನಮ್ಮತ್ರ ತಗೊಂಡ್ ಬನ್ನಿ ಸಾರ್."

"ನೀವು ಬಿಚ್ತೀರಾ?"

"ನಾವೂ ಬಿಚ್ಚಲ್ಲ ಸಾರ್. ನಾಲ್ಕು ದಿನದಲ್ಲಿ ಬೇರೆ ಕೊಡ್ತೀವಿ."

ಹೆಂಡತಿಯ ಕಡೆ ನೋಡಿದೆ. ಮದುವೆಯಾದ ಮೇಲೆ ಅವಳ ಮುಖದಲ್ಲಿ ಅಷ್ಟು ನೆಮ್ಮದಿ ಕಂಡಿದ್ದು ಅವತ್ತೇ. ಆಟೋದಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ತನ್ನ ಷರತ್ತು ಹೇಳಿದಳು. ದಾಸರಹಳ್ಳಿಯಲ್ಲಿ ಅವಳ ಅಕ್ಕನ ಮನೆಯಲ್ಲಿ ರಸ್ತೆ ಕಡೆಯ ಒಂದು ಕೋಣೆ ಖಾಲಿಯಿತ್ತು.

"ಇದಕ್ಕೆ ನಿಮ್ಮ ಸ್ಕ್ರೂಡ್ರೈವರ್ ತಗುಲಿದ ದಿನ ನನ್ನ ಅಂಗಡಿ ಅಕ್ಕನ ಮನೆಗೆ ಹೋಗುತ್ತೆ ಕಣ್ರೀ. ಜಗಳ ಆಡಲ್ಲ, ಸುಮ್ನೆ ಹೋಗ್ತೀನಿ."

ಜಗಳವಾಡುತ್ತೇನೆ ಅಂದಿದ್ದರೆ ಧೈರ್ಯವಾಗಿ ಇರುತ್ತಿದ್ದೆ. ಸುಮ್ಮನೆ ಹೋಗುತ್ತೇನೆ ಅಂದಳಲ್ಲ, ಅದು ನಾಟಿತು. ಅಂಗಡಿ ದಾಸರಹಳ್ಳಿಗೆ ಹೋದರೆ ಮಧ್ಯಾಹ್ನ ಕಾರ್ಡು ಓದುವವರು ಯಾರು? ನಾನು ಊಟಕ್ಕೆ ಬಂದು ಯಾರ ಮುಂದೆ ಒತ್ತಕ್ಷರ ಹಿಡಿಯಲಿ?

ಹಾಗೆ ನನ್ನ ಹಳೇ ಕಂಪ್ಯೂಟರ್ ಮಂಚದ ಕೆಳಗೆ ಸೇರಿತು. ಬಿಳಿಯದು ಮೇಜು ಹತ್ತಿತು. ಅದು ಕೆಡಲಿಲ್ಲ. ಒಂದು ತಿಂಗಳು ನೋಡಿದೆ, ಒಂದು ವರ್ಷ ನೋಡಿದೆ, ಕೆಡಲೇ ಇಲ್ಲ. ಸದ್ದಿಲ್ಲ, ಧೂಳಿಲ್ಲ, ಹಲ್ಲಿಗೂ ದಾರಿಯಿಲ್ಲ. ಸರೋಜ ಹಾಡು ಗುನುಗುತ್ತಾ ಕಾರ್ಡು ಮಾಡುತ್ತಿದ್ದಳು. ಭಾನುವಾರ ಏನು ಮಾಡುವುದೆಂದು ತೋಚದೆ ನಾನು ಗೋಡೆ ಗಡಿಯಾರಕ್ಕೆ ಕೈ ಹಾಕುತ್ತಿದ್ದೆ. ಮನೆಗೆ ಬಂದ ಅಳಿಯನೊಬ್ಬ ಏನೂ ಕೇಳದೆ, ಏನೂ ಬೇಡದೆ, ಬಾಗಿಲು ಹಾಕಿಕೊಂಡು ಕೂತ ಹಾಗಿತ್ತು ಅದು. ಒಂದು ದಿನ ಅವಳು ಸಂತೆಗೆ ಹೋದಾಗ ಭೂತಕನ್ನಡಿ ಹಿಡಿದು ನೋಡಿದೆ. ಸ್ಟ್ಯಾಂಡಿನ ಕೆಳಗೆ ಒಂದು ರಬ್ಬರಿನ ಬಿರಟೆ, ಅದರ ಹಿಂದೆ ಸಾಸಿವೆ ಕಾಳಿನಷ್ಟು ಸ್ಕ್ರೂ. ಅದರ ತಲೆಯಲ್ಲಿ ನೆಟ್ಟಗಿನ ಗೀರಿಲ್ಲ, ಕೂಡಿಸುವ ಗುರುತೂ ಇಲ್ಲ. ಐದು ಎಸಳಿನ ಹೂವಿನ ಹಾಗೆ ಕೊರೆದಿದ್ದರು. ನನ್ನಂಥವರನ್ನು ಹೊರಗಿಡಲೆಂದೇ ಯಾವನೋ ಕೂತು ಹೂವು ಬಿಡಿಸಿದ್ದ. ನಾನೇನು ಸುಮ್ಮನಿರುತ್ತೇನೆಯೇ? ಮುರಿದ ಒಂದು ಡ್ರಿಲ್ಲಿನ ತುಂಡು ಹುಡುಕಿ, ಷೆಡ್ಡಿನಲ್ಲಿ ಕೆಲಸ ಮುಗಿದ ಮೇಲೆ ಗ್ರೈಂಡರಿನಲ್ಲಿ ಹಿಡಿದು ಹಿಡಿದು ಆ ಹೂವಿನೊಳಗೆ ಕೂತು ಸ್ಕ್ರೂ ತಿರುಗಿಸುವಂಥ ಐದು ಎಸಳಿನ ಒಂದು ಬಿಟ್ ಮಾಡಿದೆ. ಅಷ್ಟು ಸಣ್ಣ ಕೆಲಸ ನಾನು ಯಾವ ಕಂಪನಿಗೂ ಮಾಡಿಕೊಟ್ಟಿಲ್ಲ. ಬಿಚ್ಚುವುದಕ್ಕಲ್ಲ, ಸುಮ್ಮನೆ ಇರಲಿ ಎಂದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಸರೋಜಳಿಗೆ ಹೇಳಲಿಲ್ಲ.

ಕೊನೆಗೂ ಆ ದಿನ ಬಂತು. ನಾಲ್ಕನೇ ಕ್ರಾಸಿನವರ ಮಗಳ ಮದುವೆ ಕಾರ್ಡು ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು. ಬೆಳಗ್ಗೆ ಸರೋಜ ಗುಂಡಿ ಒತ್ತಿದರೆ ಬಿಳಿ ಕಂಪ್ಯೂಟರ್ ಕಪ್ಪಗೆ ಕೂತಿದೆ. ಷೋರೂಮಿಗೆ ಫೋನು ಮಾಡಿದಳು. ಅವರು ಮೊದಲು ಹೇಳಿದ್ದನ್ನೇ ಹೇಳಿದರಂತೆ: ತಂದು ಕೊಡಿ ಮೇಡಂ, ನಾಲ್ಕು ದಿನ, ಬೇರೆ ಕೊಡ್ತೀವಿ, ಬಿಚ್ಚಿದ್ದರೆ ಮಾತ್ರ ಕೊಡಲ್ಲ. ಅವಳು ಫೋನಿಟ್ಟು ಮೇಜಿನ ಮುಂದೆ ಕೂತಳು. ಸಿಟ್ಟಿರಲಿಲ್ಲ, ಕಣ್ಣು ಮಾತ್ರ ತುಂಬಿತ್ತು. ನನಗೆ ನಾಮಕರಣದ ತಾತ ನೆನಪಾದರು. ಅವಳಿಗೂ ಅವರೇ ನೆನಪಾಗಿರಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಒಳಗೆಲ್ಲೋ ಗೆದ್ದ ಖುಷಿಗೆ ಡೋಲು ಬಾರಿಸಿದ ಹಾಗಾಗುತ್ತಿತ್ತು. "ನೋಡಿದ್ಯಾ ಸರೋಜ, ಮುಚ್ಚಿಟ್ಟ ವಸ್ತುವಿನ ಹಣೆಬರಹ. ತಗೊಂಡವರ ಕೈಲಿ ಕೀಲಿ ಇರಬೇಕು," ಎಂದು ಶುರು ಮಾಡಿ, ಕೈಯನ್ನು ಜೇಬಿಗೆ ಇಳಿಸಿದೆ. ಬಿಟ್ ಬೆರಳಿಗೆ ಸಿಕ್ಕಿತು.

ಆಗ ನನ್ನ ಫೋನು ಹೊಡೆದುಕೊಂಡಿತು. ಎಲೆಕ್ಟ್ರಾನಿಕ್ ಸಿಟಿಯ ಆಚೆ, ಬೊಮ್ಮಸಂದ್ರದ ಒಂದು ಕಾರ್ಖಾನೆಗೆ ನಾನು ಫಿಕ್ಸ್ಚರ್ ಕೊಟ್ಟಿದ್ದೆ. ಅಲ್ಲಿನ ಸೂಪರ್‌ವೈಸರ್ ಶರಣಪ್ಪ, ಬಾಗಲಕೋಟೆ ಕಡೆಯವರು, ಗಂಟಲು ಗಟ್ಟಿ. ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದರೂ ಕೋಣೆಗೆಲ್ಲ ಕೇಳುತ್ತದೆ.

"ಸರ್ರ, ನಿಮ್ಮ ಫಿಕ್ಸ್ಚರ್ ಬಿಗದ ಕುಂತೈತ್ರಿ. ಲೈನ್ ನಿಂತೈತಿ. ಬಿಚ್ಚಬೇಕಂದ್ರ ಸ್ಕ್ರೂಕ್ಕ ತಲೀನ ಇಲ್ಲಲ್ರಿ."

"ಅದನ್ನ ನೀವು ಬಿಚ್ಚೋ ಹಾಗಿಲ್ಲ ಶರಣಪ್ಪನೋರೆ," ಅಂದೆ. ಬಾಯಿ ತನ್ನಷ್ಟಕ್ಕೆ ಮುಂದುವರಿಯಿತು. "ಬಿಚ್ಚೋ ಅವಶ್ಯಕತೆ ಬರಬಾರದು. ಇಲ್ಲಿಗೆ ಕಳಿಸಿ. ನಾಲ್ಕು ದಿನದಲ್ಲಿ ಬೇರೆ ಕೊಡ್ತೀನಿ."

ಫೋನು ಇಳಿಸಿ ತಿರುಗಿದರೆ ಸರೋಜ ನನ್ನನ್ನೇ ನೋಡುತ್ತಿದ್ದಳು. ಕಣ್ಣೀರು ಹಾಗೇ ಇತ್ತು, ಅದರ ಕೆಳಗೆ ತುಟಿ ನಗು ತಡೆಯುತ್ತಿತ್ತು.

"ಆ ಟೈ ಹಾಕಿದ್ದೋನು ನಿಮ್ಮತ್ರ ಕಲಿತನೋ, ನೀವು ಅವನತ್ರ ಕಲಿತ್ರೋ?"

ಅದು ಬೇರೆ ವಿಷಯ ಎಂದು ಹೇಳಲು ಬಾಯಿ ತೆರೆದೆ. ಜೇಬಿನಲ್ಲಿದ್ದ ಕೈಯನ್ನು ಬರಿದಾಗಿ ಹೊರಗೆ ತೆಗೆದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬೀಗದ ಕೈ ಗೊಂಚಲು ತೆಗೆದಳು. ಅದರಲ್ಲಿ ಒಂದು ಪೆನ್‌ಡ್ರೈವ್ ನೇತಾಡುತ್ತಿತ್ತು. "ಕಾರ್ಡು ಇದರಲ್ಲಿದೆ ಕಣ್ರೀ. ನಿಮ್ಮ ಜೊತೆ ಇಷ್ಟು ವರ್ಷ ಬಾಳಿದೀನಿ, ಕಾಪಿ ಇಟ್ಕೊಳ್ದೆ ಇರ್ತೀನಾ? ಮಂಚದ ಕೆಳಗಿಂದ ನಿಮ್ಮದನ್ನ ತೆಗೀರಿ."

ತೆಗೆದೆ. ಧೂಳು ಹೊಡೆದೆ. ಒಂದು ಮೆಮೊರಿ ಕಡ್ಡಿ ಸಡಿಲವಾಗಿತ್ತು. ಪಕ್ಕದ ತಗಡೇ ಇಲ್ಲವಲ್ಲ, ಹೆಬ್ಬೆರಳಿನಲ್ಲಿ ಒತ್ತಿದೆ, ಕುಂಯ್ ಎಂದು ಎದ್ದಿತು. ಟೇಬಲ್ ಫ್ಯಾನು ಇಟ್ಟು ಅವಳು ಕಾರ್ಡಿನಲ್ಲಿ ಉಳಿದಿದ್ದನ್ನು ಟೈಪ್ ಮಾಡಿದಳು, ಪಕ್ಕದಲ್ಲಿ ಕೂತು ನಾನು ಓದಿದೆ. ಸಂಜೆ ಕಾರ್ಡು ಪ್ರೆಸ್ಸಿಗೆ ಹೋಯಿತು. ಬಿಳಿಯದು ಷೋರೂಮಿಗೆ ಹೋಯಿತು. ಮಾತಿನ ಪ್ರಕಾರ ನಾಲ್ಕು ದಿನಕ್ಕೆ ಅದರ ಅವಳಿಯನ್ನು ಕೊಟ್ಟರು. ಒಳಗೆ ಏನಾಗಿತ್ತು ಎಂದು ಕೇಳಿದರೆ, ನಮಗೂ ಗೊತ್ತಾಗಲ್ಲ ಸಾರ್ ಅಂದರು.

ಶರಣಪ್ಪನವರ ಫೋನು ಬಂದ ಮರುದಿನವೇ ನಾನೇ ಊರಿನ ಈ ತುದಿಯಿಂದ ಆ ತುದಿಗೆ ಬೊಮ್ಮಸಂದ್ರಕ್ಕೆ ಹೋದೆ. ನನ್ನ ಸ್ಕ್ರೂಗಳನ್ನು ಎಷ್ಟು ಚೆನ್ನಾಗಿ ಮುಚ್ಚಿದ್ದೆನೆಂದರೆ ನನಗೇ ಸಿಗಲಿಲ್ಲ. ಪುಟ್ಟಿ ಕೆರೆದು, ತಟ್ಟಿ, ಕಿವಿಗೊಟ್ಟು ಹುಡುಕುವಷ್ಟರಲ್ಲಿ ಊಟದ ಹೊತ್ತಾಯಿತು. ಶರಣಪ್ಪ ಚಹಾ ತಂದುಕೊಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಹಳ ಮರ್ಯಾದೆಯಿಂದ, "ಇದನ್ನ ನೀವಾ ಮಾಡಿದ್ರೇನ್ರಿ?" ಎಂದು ಕೇಳಿದರು. ಹೊಸ ಸ್ಕ್ರೂ ಹಾಕಿದೆ, ತಲೆಯಿರುವವು. ಅವಕ್ಕೆ ಹೊಂದುವ ಅಲೆನ್ ಕೀಯನ್ನೂ ಅವರ ಕೈಗೆ ಕೊಟ್ಟು ಬಂದೆ. ಆಮೇಲಿನಿಂದ ಎಲ್ಲ ಮಾಲೂ ಹಾಗೇ ಹೋಗುತ್ತಿದೆ. ಸ್ವಲ್ಪ ಕಾಲದಲ್ಲೇ ನನ್ನ ಸ್ಪ್ರಿಂಗಿನ ಉಪಾಯ ಪಕ್ಕದ ಬೀದಿಯಲ್ಲಿ ನೀಲಿ ಬಣ್ಣ ಬಳಿದುಕೊಂಡು ತಯಾರಾಯಿತು. ಒಂದು ದಿನ ಅದು ಕೆಟ್ಟು ಯಾರೋ ನನ್ನ ಹತ್ತಿರವೇ ತಂದರು. ತಿರುಗಿಸಿ ನೋಡಿದೆ. ಸ್ಕ್ರೂಗಳ ತಲೆಯನ್ನು ಸವೆಸಿ ಪುಟ್ಟಿ ಮೆತ್ತಿದ್ದರು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಪೀಣ್ಯದಲ್ಲಿ ಒಂದು ಷೆಡ್ಡು, ಅದರಲ್ಲಿ ಎರಡು ಲೇತು. ತಲೆಯಿರುವ ಸ್ಕ್ರೂ ಒಂದು ಡಬ್ಬ. ಬಾಗಲಗುಂಟೆಯಲ್ಲಿ ಒಂದು ಮನೆ, ಮುಂದಿನ ಕೋಣೆಯಲ್ಲಿ ಹೆಂಡತಿಯ ಅಂಗಡಿ. ಕಂಪ್ಯೂಟರ್ ಎರಡು, ಒಂದು ಮುಚ್ಚಿದ್ದು, ಒಂದು ತೆರೆದಿದ್ದು. ತೆರೆದಿದ್ದರ ತಗಡು ಇನ್ನೂ ನೀರಿನ ಡ್ರಮ್ಮಿನ ಮೇಲಿದೆ. ಐದು ಎಸಳಿನ ಬಿಟ್ ಒಂದು ಇತ್ತು. ನಾನು ಹೇಳಿದ ಈ ಕಥೆಯನ್ನು ಟೈಪ್ ಮಾಡಿದವಳು ಸರೋಜಳೇ ಆದ್ದರಿಂದ ಅದು ಈಗ ಇಲ್ಲ.