ಇನ್ನೂರ ಹನ್ನೆರಡು ಮಂದಿ, ಒಂದು ಬಸ್ಸು

ನನ್ನ ಸೋದರಮಾವನಿಗೆ ತನ್ನ ವಯಸ್ಸು ಸರಿಯಾಗಿ ಗೊತ್ತಿಲ್ಲ. ಆದರೆ ತನ್ನ ಊರಿನ ಜನಸಂಖ್ಯೆ ಇವತ್ತು ಬೆಳಗಿನವರೆಗೆ ಗೊತ್ತು! ಪುಣೆಯ ಬಟ್ಟೆ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಗುಮಾಸ್ತಿಕೆ ಮಾಡಿದ ಈ ಮನುಷ್ಯ, ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ಹೇಳುವುದು ಇದನ್ನೇ: "ನಮ್ಮೂರು ವಿಜಯಪುರದ ಕಡೆ ರೀ. ಇನ್ನೂರ ಹನ್ನೆರಡು ಮಂದಿ, ಒಂದು ಬಸ್ಸು."

ಅದು ವಸ್ತಿ ಬಸ್ಸು. ಸಂಜೆ ತಾಲ್ಲೂಕಿನಿಂದ ಬಂದು, ಊರಲ್ಲೇ ತಂಗಿ, ಬೆಳಿಗ್ಗೆ ಹೊರಡುತ್ತದೆ. ಡ್ರೈವರ್, ಕಂಡಕ್ಟರ್ ಮಲಗುವುದು ಗುಡಿಯ ಪಡಸಾಲೆಯಲ್ಲಿ. ಅವರ ಊಟ ದಿನಕ್ಕೊಂದು ಮನೆಯ ಪಾಳಿ. ಹಾಗಾಗಿ ಮಾವನ ಎಣಿಕೆಯಲ್ಲಿ ಅವರಿಬ್ಬರೂ ಸೇರಿದ್ದಾರೆ. "ಊರಾಗ ಮಲಗಿದವ್ರು ಊರಿನವ್ರು" ಎಂಬುದು ಅವನ ಕಾನೂನು.

ಪ್ರತಿ ಭಾನುವಾರ ಬೆಳಿಗ್ಗೆ ಅವನು ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋಗಿ, ವಿಜಯಪುರದ ಕಡೆಯ ಬಸ್ಸಿನಿಂದ ನಿದ್ದೆಗಣ್ಣಲ್ಲಿ ಇಳಿದವರನ್ನು ತಡೆದು, "ಗೌಡ್ರ ಸೊಸಿ ಹಡದ್ಲೇನ್ರಿ?" ಎಂದು ವಿಚಾರಿಸುತ್ತಾನೆ. ಅರ್ಧ ಜನ ಆಟೋದವನೆಂದುಕೊಂಡು "ರಿಕ್ಷಾ ನಕೋ, ಕಾಕಾ" ಎಂದು ದಾಟಿ ಹೋಗುತ್ತಾರೆ. ಆ ಸೊಸೆ ಅವಳಿ ಹೆತ್ತು ಎಣಿಕೆ ಇನ್ನೂರ ಹನ್ನೆರಡಕ್ಕೆ ಏರಿದಾಗ, ಪುಣೆಯಲ್ಲೇ ಖರಾಡಿಯ ನನ್ನ ಫ್ಲ್ಯಾಟಿನ ಅಕ್ಕಪಕ್ಕದವರಿಗೆಲ್ಲ ಎರಡೆರಡು ಪೇಢೆ ಹಂಚಿದ. ಮದುವೆಯೇ ಆಗದ ನನ್ನನ್ನು ಅವರು ವಾರವಿಡೀ ಒಂದು ಥರ ನೋಡಿದರು.

"ನಿಮ್ಮ ಬಿಲ್ಡಿಂಗಿನ್ಯಾಗ ಎಷ್ಟು ಮಂದಿ ಅದಾರ?" ಎಂದು ಕೇಳಿದ ಒಮ್ಮೆ.

"ಯಾರಿಗೆ ಗೊತ್ತು ಮಾಮಾ?"

"ಗೊತ್ತಿಲ್ಲಂದ್ರ ಎಲ್ಲಾರೂ ಮನಿ ಸೇರ್ಯಾರಂತ ಹ್ಯಾಂಗ ತಿಳದು ರಾತ್ರಿ ಕದಾ ಹಾಕ್ಕೋತೀ?"

ನನಗೂ ರೇಗಿತು. "ಇರಲಿ, ಆ ಇನ್ನೂರ ಹನ್ನೆರಡರಾಗ ನೀ ಇದ್ದೀಯೋ ಇಲ್ಲೋ? ಊರಾಗ ಮಲಗಿ ಎಷ್ಟು ವರ್ಷ ಆತು?"

ಮಾವ ಚಹಾದ ಕಪ್ಪು ಕೆಳಗಿಟ್ಟ. ಒಂದು ಬೆರಳು ಮಡಚಿ, "ಇನ್ನೂರ ಹನ್ನೊಂದು" ಎಂದ.

ಮುಂದಿನ ಎರಡು ಭಾನುವಾರ ಅವನು ಸ್ವಾರಗೇಟಿಗೆ ಹೋಗಲಿಲ್ಲ. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದು ಬೈದುಕೊಂಡೆ. ಮೂರನೆಯ ಭಾನುವಾರ ನಾನೇ ಎಳೆದುಕೊಂಡು ಹೋದೆ. ವಿಜಯಪುರದ ಬಸ್ಸಿನ ಕಂಡಕ್ಟರ್ ಹೊಸಬ. ವಿಚಾರಿಸಿದರೆ ಮೊನ್ನೆ ಮೊನ್ನೆಯವರೆಗೆ ನಮ್ಮ ಮಾವನ ಊರಿನ ವಸ್ತಿ ಬಸ್ಸಿನಲ್ಲೇ ಇದ್ದವನಂತೆ. ಮಾವನನ್ನು ಮುಂದೆ ತಳ್ಳಿ ನಾನೇ ಹೇಳಿದೆ: "ಇವ್ರು ಬೇವಿನ ಗಿಡದ ಮನಿಯವ್ರು ರೀ."

"ಹೌದೇನ್ರಿ? ನಿಮ್ಮ ಮನಿ ಊಟ ಭಾಳ ಉಂಡೇನ್ರಿ."

"ನಮ್ಮ ಮನಿ ಬಿದ್ದು ಎಷ್ಟೋ ವರ್ಷ ಆತು," ಎಂದ ಮಾವ. "ನೀವು ಉಂಡಿದ್ದು ಬ್ಯಾರೆ ಯಾರದೋ ಇರಬೇಕು."

"ನಿಮ್ಮ ಪಾಳಿ ಬಂದಾಗ ಬಾಜೂ ಮನಿ ಅಜ್ಜಿ ತರ್ತಾಳ್ರಿ. ರೊಟ್ಟಿ, ಶೇಂಗಾ ಚಟ್ನಿ. ಪ್ರತಿ ಸಲ ಹೇಳೇ ಕೊಡ್ತಾಳ, ಇದು ಬೇವಿನ ಗಿಡದ ಮನೀದು, ಅಂವ ಪುಣೇಕ್ಕ ಹೋಗ್ಯಾನ, ಬರ್ತಾನ, ಅಲ್ಲೀಮಟ ಪಾಳಿ ತಪ್ಪಬಾರದು ಅಂತ."

ಮಾವ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ತಾನು ಊರನ್ನು ಎಣಿಸುತ್ತಿದ್ದೇನೆ ಎಂದುಕೊಂಡಿದ್ದ ಪಾಪ. ಊರೂ ತನ್ನನ್ನು ಎಣಿಸುತ್ತಿದೆ ಎಂಬುದು ಅವನ ಲೆಕ್ಕದಲ್ಲಿರಲಿಲ್ಲ.

ಅಲ್ಲಿಂದ ಮನೆಗೆ ಹೋಗುವ ಬದಲು ಮಾವ ಜೋಳದ ಹಿಟ್ಟು ಕೊಂಡು ನನ್ನ ಜೊತೆ ಖರಾಡಿಗೆ ಬಂದ. "ಆಕೀಗೂ ವಯಸ್ಸಾಗಿರ್ತದ. ಮುಂದಿನ ಪಾಳಿ ನಾನ ಮಾಡ್ತೇನಿ. ರೊಟ್ಟಿ ಬಡಿಯೂದು ಕಲಿಸು." ಚಹಾ ಕೂಡ ಮಾಡಲು ಬಾರದ ಮನುಷ್ಯ! ನನಗಾದರೂ ಬರುತ್ತದೆಯೇ? ಇಬ್ಬರೂ ಫೋನಿನಲ್ಲಿ ನೋಡಿಕೊಂಡು ಬಡಿದೆವು. ಹಿಟ್ಟು ಗೋಡೆಗೆಲ್ಲ ಹಾರಿತು. ಹರಿಯದೆ ಉಳಿದದ್ದು ನಾಲ್ಕೇ ರೊಟ್ಟಿ.

"ಡ್ರೈವರ್‌ಗೆ ಎರಡು, ಕಂಡಕ್ಟರ್‌ಗೆ ಎರಡು. ಸಾಕಲ್ಲ ಮಾಮಾ?" ಎಂದೆ.

"ಸಾಲೂದಿಲ್ಲ," ಎಂದು ಮತ್ತೊಂದು ಹಿಡಿ ಹಿಟ್ಟು ಕಲಸತೊಡಗಿದ. "ಅವತ್ತು ನಾನೂ ಊರಾಗ ಮಲಗಾಂವ."