ಮಗಳು, ಟೀಚರು ಮತ್ತು ನನ್ನ ಹೊಟ್ಟೆಕಿಚ್ಚು

ದೂರು ತಾರದ ಮಕ್ಕಳು ಊರಲ್ಲಿ ಬೇಕಾದಷ್ಟು ಇದ್ದಾರೆ. ಅವರೆಲ್ಲ ಬೇರೆಯವರ ಮನೆಯಲ್ಲಿ ಹುಟ್ಟಿದ್ದಾರೆ. ಸಾವಿರದ ಒಂಬೈನೂರ ಅರುವತ್ತರ ಸುಮಾರಿಗೆ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಬಿಜೈಯಲ್ಲಿದ್ದ ನಮ್ಮ ಮನೆಗೆ ವಾರಕ್ಕೊಂದು ದೂರು ಬರುತ್ತಿತ್ತು. ಪಕ್ಕದ ಮನೆಯ ಬಾಯಮ್ಮನ ಮಗಳೂ ಅದೇ ಕ್ಲಾಸು. ಕೂರಿಸಿದಲ್ಲಿ ಗೊಂಬೆ. "ನನ್ನದು ಮಾತೇ ಆಡುವುದಿಲ್ಲ ಮಾರಾಯ್ತಿ, ಎಂತ ಮಾಡುವುದು?" ಎಂದು ಬಾಯಮ್ಮ ಕೊರಗುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

೧

ಟೀಚರು ಬೋರ್ಡಿನಲ್ಲಿ ಬರೆಯುವಾಗ ಜಡೆಯ ಮಲ್ಲಿಗೆ ಜಾರಿತು. ನನ್ನ ಮಗಳು ಬೆಂಚು ಹಾರಿ ಓಡಿ, ಹಿಂದಿನಿಂದ ಸಿಕ್ಕಿಸಿದಳು. ಹಲ್ಲಿ ಬಿತ್ತೆಂದು ಟೀಚರು ಕಿರುಚಿ ಕುರ್ಚಿ ಹತ್ತಿದರು. ನನ್ನನ್ನು ಶಾಲೆಗೆ ಕರೆಸಿದರು.

"ಇವಳಿಗೆ ಒಂದು ನಿಮಿಷ ತಡೆಯಲಿಕ್ಕೆ ಆಗುವುದಿಲ್ವಾ?" ಎಂದರು ಟೀಚರು.

"ತಡೆದಿದ್ದರೆ ಹೂ ಬೀಳ್ತಿತ್ತಲ್ಲ ಟೀಚರ್" ಎಂದಳು ಮಗಳು.

ನಾನು ಬಾಯಿಗೆ ಸೆರಗು ಹಿಡಿದು ಕೆಮ್ಮಿದೆ.

೨

ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಟೀಚರು ಬೆಂಚಿನ ಸಾಲಿನಂತೆ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬಾಯಿಪಾಠ ಮಾಡಿಸಿದರು. ಬಾಯಮ್ಮನ ಮಗಳಿಗೆ ಮೊದಲನೆಯ ಉತ್ತರ, ಜೊತೆಗೆ ಹಾರ ಹಾಕುವ ಕೆಲಸ. ನನ್ನವಳಿಗೆ ಏನೂ ಇಲ್ಲ.

"ಆ ದಿನ ಇವಳನ್ನು ಕಳಿಸಬೇಡಿ. ಇನ್ನೊಂದು ಗಲಾಟೆ ಆದರೆ ಹೆಸರು ತೆಗೆಸ್ತೇನೆ" ಎಂದರು.

"ಬರ್ತಾಳೆ. ಬಾಯಿ ಬಿಡುವುದಿಲ್ಲ. ಜವಾಬ್ದಾರಿ ನನ್ನದು" ಎಂದುಬಿಟ್ಟೆ.

ಮನೆಯಲ್ಲಿ ಅಭ್ಯಾಸ ಶುರು: ಮಾತಾಡುವ ಮೊದಲು ಹತ್ತು ಬೆರಳು ಮಡಚಬೇಕು. "ಗೋಳಿಬಜೆ ಬೇಕಾ?" ಎಂದು ಕೇಳಿದೆ. ಪಾಪ, ಒಂದೊಂದಾಗಿ ಮಡಚಿದಳು. ಹತ್ತು ಆಗುವಾಗ ಅವಳ ಅಪ್ಪ ತಟ್ಟೆ ಖಾಲಿ ಮಾಡಿದ್ದರು.

೩

ಆ ದಿನ ನಾನು ಕಿಟಕಿಯ ಹೊರಗೆ ನಿಂತಿದ್ದೆ. ಹಾರ ಹಾಕಿಸಿಕೊಂಡ ಇನ್‌ಸ್ಪೆಕ್ಟರು ನೇರ ಹಿಂದಿನ ಬೆಂಚಿಗೆ ಹೋಗಿ, "ನಮ್ಮ ಊರಿನ ನದಿ ಯಾವುದು?" ಎಂದರು. ಆ ಬೆಂಚಿನವರ ಬಾಯಿಪಾಠ ಬೇರೆ, ಮಕ್ಕಳು ಮುಖ ಮುಖ ನೋಡಿಕೊಂಡರು. ಕೊನೆಗೆ ಮುಂದೆ ಬಂದು ಬಾಯಮ್ಮನ ಮಗಳನ್ನು, "ಕಡಲಿನ ನೀರಿನ ರುಚಿ ಹೇಗೆ?" ಎಂದು ಕೇಳಿದರು.

"ನೇತ್ರಾವತಿ" ಎಂದಿತು ಗೊಂಬೆ.

ನನ್ನವಳು ಹತ್ತು ಬೆರಳು ಮಡಚಿ ಎದ್ದಳು. "ಸರ್, ತಪ್ಪು ಅವಳದ್ದಲ್ಲ. ನೀವು ಮುಂದಿನ ಬೆಂಚಿನಿಂದ ಶುರು ಮಾಡಬೇಕಿತ್ತು!"

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಮತ್ತೆ ಪ್ರಶ್ನೆಗಳನ್ನೆಲ್ಲ ನನ್ನ ಮಗಳನ್ನೇ ಕೇಳಿದರು. ಎಲ್ಲರ ಉತ್ತರವೂ ಅವಳಿಗೆ ಬರುತ್ತಿತ್ತು. "ಇವಳನ್ನು ಮುಂದಿನ ಬೆಂಚಿಗೆ ಹಾಕಿ ಟೀಚರ್" ಎಂದು ಹೊರಟರು. ಬಾಯಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆ ಎರಡು ದಿನ ನನಗೆ ಒಳ್ಳೆಯ ನಿದ್ರೆ ಬಂತು.

೪

ಹೆಸರು ಉಳಿಯಿತು, ದೂರು ನಿಂತಿತು. ಆದರೆ ಮಗಳ ಹೊಸ ಕಾಟ ಶುರುವಾಯಿತು. "ಟೀಚರ್ ಹೀಗೆ ಜಡೆ ಹಾಕ್ತಾರೆ", "ಟೀಚರ್ ಹಾಗೆ ಹೇಳ್ತಾರೆ". ನಮ್ಮ ಗಿಡದ ಮೊದಲ ಮಲ್ಲಿಗೆಯೂ ಟೀಚರಿಗೆ. ಇವಳಿಗಾಗಿ ಅವರ ಹತ್ತಿರ ಜಗಳ ಕಾದವಳು ನಾನು! ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ನಿನಗೆ ಯಾರು ಹೆಚ್ಚು ಇಷ್ಟ, ನಾನಾ ಅಥವಾ..."

"ಟೀಚರ್!"

ಪ್ರಶ್ನೆ ಮುಗಿಸಲಿಕ್ಕಾದರೂ ಬಿಡಬಾರದಿತ್ತಾ!